ಹಳೆ ಚರ್ಚಿನ ಗೋಡೆ: ಸಿಮೆಂಟ್ ಇಳಿಸಿ ಗಾರೆ ಏರಿಸಿದ ಕೆಲಸ

ಹಳೆ ಚರ್ಚಿನ ನವೀಕರಣ ಎಂದರೆ ಬೆಂಚು, ದೀಪ, ಧ್ವನಿವರ್ಧಕದ ಮಾತೇ ಮೊದಲು ಬರುತ್ತದೆ. ನಾವು ಹಿಡಿದ ಕ್ರಮ ಬೇರೆ: ಮೊದಲು ನೀರು, ಆಮೇಲೆ ಗೋಡೆ, ಕೊನೆಗೆ ಒಳಾಂಗಣ. ಒದ್ದೆ ಗೋಡೆಗೆ ಹೊಸ ಮರದ ಹೊದಿಕೆ ಹಾಕಿದರೆ ಅದು ಹಿಂಬದಿಯಿಂದಲೇ ಕೊಳೆಯುತ್ತದೆ.

ಚಾವಣಿಯ ಎರಡು ಇಳಿಜಾರು ಸೇರುವ ಕಣಿವೆ, ಚಾವಣಿಯಂಚಿನ ಗಿಡ್ಡ ಕೈಪಿಡಿ ಗೋಡೆಯ ಹಿಂದೆ ಮಳೆನೀರು ಹರಿಯುವ ದೋಣಿ, ಕೆಳಗಿಳಿಯುವ ಕೊಳವೆ, ಇಷ್ಟನ್ನೂ ಜೋರು ಮಳೆಯಲ್ಲೇ ನಿಂತು ನೋಡಬೇಕು. ನಗರದ ಚರ್ಚುಗಳಿಗೆ ಇನ್ನೊಂದು ಕಾಟವಿದೆ. ರಸ್ತೆಗೆ ಪದರದ ಮೇಲೆ ಪದರ ಡಾಂಬರು ಬಿದ್ದು ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರವಾಗಿರುತ್ತದೆ. ಹೊರಗಿನ ಮಣ್ಣನ್ನು ಒಳನೆಲಕ್ಕಿಂತ 150ರಿಂದ 200 ಮಿ.ಮೀ. ಕೆಳಗಿಳಿಸಿ, ಗೋಡೆಯಿಂದ ಆಚೆಗೆ ಇಳಿಜಾರು ಕೊಟ್ಟೆವು. ಅಗೆಯುವ ಮುನ್ನ ಒಂದೆರಡು ಕಡೆ ಗುಂಡಿ ತೋಡಿ ಅಡಿಪಾಯದ ಆಳ ನೋಡಲೇಬೇಕು. ಹಳೆ ಕಟ್ಟಡಗಳ ಪಾಯ ಎಷ್ಟೋ ಸಲ ತೀರಾ ಮೇಲೇ ಇರುತ್ತದೆ. ಗೋಡೆ ಬದಿಯಲ್ಲಿ ಸಮಾಧಿಗಳೂ ಇರಬಹುದು, ಅನುಮತಿಯಿಲ್ಲದೆ ಗುದ್ದಲಿ ಹಾಕುವಂತಿಲ್ಲ.

ಸುಣ್ಣದ ಗಚ್ಚಿನಲ್ಲಿ ಕಟ್ಟಿದ ಗೋಡೆ ಸ್ವಲ್ಪ ಅಲುಗುತ್ತದೆ, ಹೀರಿದ ನೀರನ್ನು ಬಿಟ್ಟುಕೊಡುತ್ತದೆ. ಅದರ ಮೇಲೆ ಬಳಿದ ಸಿಮೆಂಟ್ ಅಲುಗದೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಿರುಕಿನಿಂದ ಒಳಹೋದ ನೀರಿಗೆ ಹೊರದಾರಿ ಇಲ್ಲ. ನೀರಿನಲ್ಲಿ ಕರಗಿದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಕಲ್ಲಿನ ಮೈಯನ್ನೇ ಪುಡಿ ಮಾಡುತ್ತದೆ.

ಸಿಮೆಂಟ್ ತೆಗೆಯುವಾಗ ಮೊದಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಬೇಕು. ಟೊಳ್ಳು ಸದ್ದಿನ ಕಡೆ ಸುಲಭವಾಗಿ ಕಳಚುತ್ತದೆ. ಕಚ್ಚಿಕೊಂಡ ಕಡೆ ಉಳಿಯನ್ನು ಓರೆಯಾಗಿ ಹಿಡಿದು ಅಂಚಿನಿಂದ ಬಿಡಿಸಬೇಕು. ಯಂತ್ರ ಬೇಡವೇ ಬೇಡ. ಕಲ್ಲಿನ ಸಿಪ್ಪೆಯೂ ಜೊತೆಗೆ ಏಳುತ್ತಿದ್ದರೆ ಅಷ್ಟು ಸಿಮೆಂಟನ್ನು ಹಾಗೇ ಬಿಡುವುದೇ ಸರಿ. ಹೊರಬಂದ ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ ಎತ್ತಬೇಕು, ತೊಳೆದರೆ ಮತ್ತೆ ಒಳಗೇ ಇಳಿಯುತ್ತದೆ. ಗೋಡೆ ಒಣಗಲು 25 ಮಿ.ಮೀ. ದಪ್ಪಕ್ಕೆ ಒಂದು ತಿಂಗಳು ಎಂಬುದು ರೂಢಿಯ ಲೆಕ್ಕ. ಎರಡೂ ಮೈ ತೆರೆದಿರುವ 600 ಮಿ.ಮೀ. ಗೋಡೆಗೆ ಸುಮಾರು ಒಂದು ವರ್ಷ. ಇದರಲ್ಲಿ ಅವಸರ ನಡೆಯುವುದಿಲ್ಲ.

ಸುಣ್ಣ, ಮರಳು ಕಲಸಿದ ಗಾರೆಗೆ ನೀರಿನಡಿ ಮೂರು ತಿಂಗಳಾದರೂ ಕಳಿತ ಸುಣ್ಣ ಬೇಕು. ಮರಳಿನ ಕಣ ಚೂಪಾಗಿ, ಸಣ್ಣದು ದೊಡ್ಡದು ಬೆರೆತಿರಬೇಕು. ಸುಣ್ಣ ಎಷ್ಟು ಎಂಬುದನ್ನು ಮರಳೇ ಹೇಳುತ್ತದೆ: ಒಣ ಮರಳು ತುಂಬಿದ ಪಾತ್ರೆಗೆ ಅಳೆದ ನೀರನ್ನು ಅಂಚಿನವರೆಗೆ ಸುರಿದರೆ, ಹಿಡಿದ ನೀರಿನಷ್ಟೇ ಸುಣ್ಣ. ಸಾಮಾನ್ಯವಾಗಿ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಬರುತ್ತದೆ. ಕಲಸುವಾಗ ಬೇಗ ಆಗಲೆಂದು ನೀರು ಸೇರಿಸಿದರೆ ಒಣಗುವಾಗ ಸೀಳುತ್ತದೆ, ತುಳಿದು ನಾದಿದಷ್ಟೂ ತಾನಾಗಿ ಮೆದುವಾಗುತ್ತದೆ.

ಹಿಂದಿನ ಸಂಜೆಯೇ ಗೋಡೆ ನೆನೆಸಿ, ಆಳದ ಸಂದುಗಳನ್ನು ಮೊದಲು ತುಂಬಿ, ಒಂದೊಂದು ಪದರ 10 ಮಿ.ಮೀ. ಮೀರದಂತೆ ಎಳೆದೆವು. ಬೆರಳು ಒತ್ತಿದರೆ ಕುಳಿ ಬೀಳಬಾರದು, ಉಗುರು ಗೀರಿದರೆ ಗೆರೆ ಮೂಡಬೇಕು. ಆ ಹದದಲ್ಲಿ ಮರದ ಹಲಗೆಯಿಂದ ಒತ್ತಿ ಉಜ್ಜಿದರೆ ಸಣ್ಣ ಬಿರುಕೆಲ್ಲ ಮುಚ್ಚುತ್ತದೆ. ಆಮೇಲೆ ಒಂದು ವಾರವಾದರೂ ಒದ್ದೆ ಗೋಣಿ ಇಳಿಬಿಡಬೇಕು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವುದು ತೇವ ಇದ್ದಾಗ ಮಾತ್ರ. ಬಿಸಿಲಿಗೆ ಒಣಗಿದ ಗಾರೆ ಕೈಗೆ ಹಿಟ್ಟಾಗಿ ಬರುತ್ತದೆ. ಕೊನೆಗೆ ತೆಳು ಸುಣ್ಣ ನಾಲ್ಕೈದು ಸಲ. ಇಲ್ಲಿ ಪ್ಲಾಸ್ಟಿಕ್ ಬಣ್ಣ ಬಳಿದರೆ ಅಷ್ಟೂ ಕೆಲಸ ಹಾಳು.

ಒಳನೆಲಕ್ಕೂ ಇದೇ ನ್ಯಾಯ: ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟ್ ಹಾಕಿದರೆ ನೆಲದ ತೇವ ಬದಿಗೆ ಸರಿದು ಗೋಡೆ ಏರಬಹುದು. ದೀಪ, ತಂತಿ, ಧ್ವನಿವರ್ಧಕಗಳ ಮೊಳೆಗಳನ್ನು ಕಲ್ಲಿಗೆ ಹೊಡೆಯದೆ ಸಂದಿನ ಗಾರೆಗೇ ಹಾಕಿದೆವು. ಮುಂದೆ ಯಾರಾದರೂ ಕಿತ್ತರೆ ಚಿಟಿಕೆ ಗಾರೆಯಲ್ಲಿ ತೂತು ಮುಚ್ಚಿಬಿಡಬಹುದು.