ಟೆಲಿಸ್ಕೋಪಿಗೆ ಕಾಯಂ ಜಾಗ: ಅಡಿಪಾಯ ತೋಡುವ ಮೊದಲು

ಟೆಲಿಸ್ಕೋಪ್ ಕೊಂಡು ಒಂದೆರಡು ವರ್ಷ ಆದವರಿಗೆಲ್ಲ ಈ ಆಸೆ ಬರುತ್ತದೆ. ದಿನಾ ರಾತ್ರಿ ಸ್ಟ್ಯಾಂಡ್ ಹೊರಗೆ ತರಬೇಕು, ಮಟ್ಟ ನೋಡಬೇಕು, ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕು, ಮುಗಿದ ಮೇಲೆ ಎಲ್ಲ ಬಿಚ್ಚಿ ಒಳಗಿಡಬೇಕು. ಒಂದು ಪುಟ್ಟ ಕೋಣೆ ಕಟ್ಟಿ, ಛಾವಣಿ ಸರಿಸಿದ ಕೂಡಲೇ ನೋಡಲು ಕೂರುವಂತಿದ್ದರೆ ಎಷ್ಟು ಚೆನ್ನ ಅಲ್ವಾ? ಖಂಡಿತ ಕಟ್ಟಿ. ತಗಡಿನ ಕೋಣೆಯನ್ನು ಮುಂದೆ ಬದಲಿಸಬಹುದು, ಟೆಲಿಸ್ಕೋಪನ್ನೂ ಬದಲಿಸಬಹುದು. ಟೆಲಿಸ್ಕೋಪ್ ಕೂರಿಸಲು ನೆಲಕ್ಕೆ ಹಾಕಿದ ಕಾಂಕ್ರೀಟ್ ಕಂಬ ಮಾತ್ರ ಹಾಕಿದಲ್ಲೇ ಇರುತ್ತದೆ. ಹಾಗಾಗಿ ಜಾಗ ಹುಡುಕುವ ಕೆಲಸಕ್ಕೆ ಅವಸರ ಬೇಡ.

ಮೊದಲು, ಏನು ನೋಡಬೇಕು?

ಚಂದ್ರ, ಗುರು, ಶನಿ ಸಾಕು ಅನ್ನುವವರು ಊರು ಬಿಟ್ಟು ಹೋಗಬೇಕಿಲ್ಲ. ಇವು ಎಷ್ಟು ಪ್ರಕಾಶಮಾನ ಎಂದರೆ ಹುಬ್ಬಳ್ಳಿಯ ವಿದ್ಯಾನಗರದಲ್ಲೂ ಧಾರವಾಡದ ಸಪ್ತಾಪುರದಲ್ಲೂ ಚೆನ್ನಾಗಿ ಕಾಣುತ್ತವೆ. ಬೀದಿ ದೀಪ ಇವಕ್ಕೆ ಅಷ್ಟಾಗಿ ಅಡ್ಡಿಯಲ್ಲ, ಅಲುಗಾಡುವ ಗಾಳಿ ಅಡ್ಡಿ. ನೀಹಾರಿಕೆ, ದೂರದ ಗೆಲಾಕ್ಸಿ, ಆಕಾಶಗಂಗೆಯ ಫೋಟೊ ಬೇಕೆಂದರೆ ಕತ್ತಲೇ ಬೇಕು. ಆಗ ಹೊಲದ ಕಡೆ ನೋಡಿ.

ಮಾಳಿಗೆಯೋ, ನೆಲವೋ?

ಹೆಚ್ಚಿನವರ ಮನಸ್ಸು ಮೊದಲು ಮಾಳಿಗೆಗೆ ಹೋಗುತ್ತದೆ. ನಾನೂ ಧಾರವಾಡದ ನಮ್ಮ ಮನೆಯ ಮಾಳಿಗೆ ಮೇಲೆಯೇ ಶುರು ಮಾಡಿದೆ. ಏಪ್ರಿಲ್ ರಾತ್ರಿಗಳಲ್ಲಿ ಗುರುವಿನ ಪಟ್ಟಿಗಳು ಕುದಿಯುವ ನೀರಿನ ತಳದಲ್ಲಿದ್ದಂತೆ ಕಾಣುತ್ತಿದ್ದವು. ದಿನವಿಡೀ ಬಿಸಿಲಿಗೆ ಕಾದ ಕಾಂಕ್ರೀಟ್ ಮಧ್ಯರಾತ್ರಿ ದಾಟಿದರೂ ಶಾಖ ಬಿಡುತ್ತಿರುತ್ತದೆ. ಆ ಬಿಸಿ ಗಾಳಿ ಸರಿಯಾಗಿ ಟೆಲಿಸ್ಕೋಪಿನ ಮುಂದೆಯೇ ಏಳುತ್ತದೆ. ಜತೆಗೆ ಯಾರಾದರೂ ಮೆಟ್ಟಿಲು ಹತ್ತಿದರೂ ಚಿತ್ರ ನಡುಗುತ್ತದೆ. ಹಗಲು ಮಂಗಗಳ ಕಾಟವೂ ಇದೆ, ಧಾರವಾಡದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಹಿತ್ತಲಲ್ಲಿ ಹುಲ್ಲು, ಗಿಡ ಇರುವ ನೆಲ ಬೇಗ ತಣಿಯುತ್ತದೆ. ಎರಡೂ ಇದ್ದರೆ ನನ್ನ ಮತ ಹಿತ್ತಲಿಗೆ. ಹಿತ್ತಲಿನಿಂದ ಆಕಾಶವೇ ಕಾಣದಿದ್ದರೆ ಮಾತ್ರ ಮಾಳಿಗೆ. ಆಗ ಕಂಬವನ್ನು ಸ್ಲ್ಯಾಬಿನ ನಡುವೆ ನಿಲ್ಲಿಸದೆ, ಕೆಳಗೆ ಪಿಲ್ಲರ್ ಅಥವಾ ಭಾರ ಹೊರುವ ಗೋಡೆ ಇರುವ ಕಡೆ ನಿಲ್ಲಿಸಿ. ಹಳೆಯ ಮಣ್ಣಿನ ಮಾಳಿಗೆಯ ಮೇಲಂತೂ ಬೇಡವೇ ಬೇಡ.

ದಕ್ಷಿಣ ತೆರೆದಿರಲಿ, ಉತ್ತರದಲ್ಲಿ ಒಂದು ಕಿಂಡಿ ಇರಲಿ

ಇದು ಎಲ್ಲಕ್ಕಿಂತ ಮುಖ್ಯ. ಯುರೋಪ್, ಅಮೆರಿಕದವರು ಬರೆದ ಸಲಹೆಗಳನ್ನು ಓದಿ ಜಾಗ ಹಿಡಿದರೆ ಇಲ್ಲೇ ತಪ್ಪುತ್ತದೆ. ಅಲ್ಲಿ ಧ್ರುವ ನಕ್ಷತ್ರ ಆಕಾಶದಲ್ಲಿ ಎತ್ತರಕ್ಕಿರುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗ ಇರುವುದು ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ. ಹಾಗಾಗಿ ನಮ್ಮಲ್ಲಿ ಧ್ರುವ ಕೂಡ ಉತ್ತರ ದಿಗಂತದಿಂದ ಸುಮಾರು 15 ಡಿಗ್ರಿ ಮೇಲಷ್ಟೇ. ಉತ್ತರಕ್ಕೆ ಒಂದು ಬೇವಿನ ಮರ ಅಥವಾ ಎರಡಂತಸ್ತಿನ ಮನೆ ಇದ್ದರೂ ಅದು ಮರೆಯಾಗಬಹುದು.

ಇದಕ್ಕೆ ಪ್ರತಿಫಲವಾಗಿ ದಕ್ಷಿಣದ ಆಕಾಶ ನಮಗೆ ಧಾರಾಳವಾಗಿ ಸಿಕ್ಕಿದೆ. ಅಗಸ್ತ್ಯ ನಕ್ಷತ್ರ ಫೆಬ್ರವರಿಯಲ್ಲಿ ರಾತ್ರಿ 9ರ ಹೊತ್ತಿಗೆ ದಕ್ಷಿಣದಲ್ಲಿ ಸುಮಾರು 22 ಡಿಗ್ರಿ ಎತ್ತರಕ್ಕೆ ಬರುತ್ತದೆ. ಮೇ ತಿಂಗಳಲ್ಲಿ ತ್ರಿಶಂಕು (ಶಿಲುಬೆಯಾಕಾರದ ನಕ್ಷತ್ರಪುಂಜ) ಸುಮಾರು 15 ಡಿಗ್ರಿಗೆ, ಒಮೆಗಾ ಸೆಂಟಾರಿ ಎಂಬ ಅದ್ಭುತ ನಕ್ಷತ್ರಗುಚ್ಛ 27 ಡಿಗ್ರಿಗೆ ಏರುತ್ತವೆ. ಲಂಡನ್ನಿನವರಿಗೆ ಈ ಮೂರೂ ಯಾವತ್ತೂ ಕಾಣುವುದಿಲ್ಲ. ತಮಿಳುನಾಡಿನ ಕಾವಲೂರಿನಲ್ಲಿ ವೇಣು ಬಾಪು ವೀಕ್ಷಣಾಲಯ ಇದೆಯಲ್ಲ, ಅಲ್ಲಿನ ಅನುಕೂಲವೂ ಇದೇ: ಉತ್ತರದ ಜತೆ ದಕ್ಷಿಣದ ಆಕಾಶವೂ ಸಿಗುತ್ತದೆ.

ಅಳೆಯುವುದು ಸುಲಭ. ಕೈ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಬಿಡಿಸಿದ ಗೇಣು ಸುಮಾರು 20. ಟೆಲಿಸ್ಕೋಪ್ ಬರುವ ಜಾಗದಲ್ಲೇ ನಿಂತು ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡಿ. ಮನೆ, ಮರ ಒಂದೂವರೆ ಮುಷ್ಟಿಗಿಂತ ಕೆಳಗಿರಬೇಕು. ಇನ್ನೊಂದು ಲೆಕ್ಕ: ಅಡ್ಡ ಇರುವುದು ಟೆಲಿಸ್ಕೋಪಿನ ಮಟ್ಟದಿಂದ ಎಷ್ಟು ಎತ್ತರವೋ ಅದರ ನಾಲ್ಕು ಪಟ್ಟು ದೂರ ಇದ್ದರೆ ಚಿಂತೆ ಇಲ್ಲ. 20 ಅಡಿ ಮೇಲೆ ನಿಂತ ಗೋಡೆ 80 ಅಡಿ ಆಚೆ ಇರಲಿ. ಪಕ್ಕದ ಸೈಟು ಖಾಲಿ ಇದ್ದರೆ ಅಲ್ಲಿ ನಾಳೆ ಮನೆ ಬಂತೆಂದೇ ತಿಳಿದು ಅಳೆಯಿರಿ.

ಊರು ಬೆನ್ನಿಗಿರಲಿ

ಅವಳಿ ನಗರದ ಬೆಳಕು ಆಕಾಶಕ್ಕೆ ಚೆಲ್ಲಿ ದೊಡ್ಡ ಮಂದ ಗುಮ್ಮಟದಂತೆ ಕಾಣುತ್ತದೆ. ಎಷ್ಟು ದೂರ ಹೋಗುತ್ತೀರಿ ಎಂಬುದರಷ್ಟೇ, ಯಾವ ದಿಕ್ಕಿಗೆ ಹೋಗುತ್ತೀರಿ ಎಂಬುದೂ ಮುಖ್ಯ. ದಕ್ಷಿಣ ನಮಗೆ ಬೇಕು, ಆದ್ದರಿಂದ ಬೆಳಕು ಉತ್ತರಕ್ಕೆ ಉಳಿಯಬೇಕು. ಅಂದರೆ ಊರಿನಿಂದ ದಕ್ಷಿಣಕ್ಕೆ ಹೋಗಬೇಕು. ಕಲಘಟಗಿ, ಕುಂದಗೋಳ ಕಡೆಯ ಹೊಲದಲ್ಲಿ ನಿಂತರೆ ಹುಬ್ಬಳ್ಳಿ ಬೆನ್ನ ಹಿಂದೆ ಇರುತ್ತದೆ. ಗದಗಿನವರಿಗೆ ಶಿರಹಟ್ಟಿ ಕಡೆ, ಹಾವೇರಿಯವರಿಗೆ ಹಿರೇಕೆರೂರ ಕಡೆ ಹಾಗೆಯೇ. ಅದೇ ನವಲಗುಂದದ ಕಡೆ ಹೋದರೆ ಕತ್ತಲೇನೋ ಇದೆ, ಹುಬ್ಬಳ್ಳಿಯ ಬೆಳಕು ಮಾತ್ರ ನೈಋತ್ಯಕ್ಕೆ ಬಂದು ಕೂರುತ್ತದೆ. ಧಾರವಾಡದಿಂದ ನೋಡಿದರೆ ಹುಬ್ಬಳ್ಳಿ ಆಗ್ನೇಯಕ್ಕಿದೆ. ವೃಶ್ಚಿಕ ರಾಶಿ ಮೇಲೇರುವುದೂ ಆ ಮೂಲೆಯಿಂದಲೇ. ನನಗೆ ಈ ಬೇಸರ ಪ್ರತಿ ಬೇಸಿಗೆಯಲ್ಲೂ ಇದೆ.

ಕತ್ತಲಿಗೂ ಒಂದು ಅಳತೆ ಇದೆ. ಅಮೆರಿಕದ ಜಾನ್ ಬಾರ್ಟಲ್ 2001ರಲ್ಲಿ 1ರಿಂದ 9ರವರೆಗಿನ ಮಾಪಕ ಮಾಡಿದರು. 1 ಅಂದರೆ ಗಾಢ ಕತ್ತಲು, 9 ಅಂದರೆ ಮಹಾನಗರದ ನಡುಮಧ್ಯ. ಮೊಬೈಲಿನ ನಕ್ಷೆಗಳಲ್ಲಿ ನಿಮ್ಮ ಜಾಗದ ಅಂದಾಜು ಸಿಗುತ್ತದೆ. ಆದರೆ ಪಕ್ಕದ ಹೊಲದ ಪಂಪ್‌ಸೆಟ್ ಮನೆಗೆ ಹಾಕಿದ ಎಲ್‌ಇಡಿ ಫೋಕಸ್ ದೀಪ ಯಾವ ನಕ್ಷೆಯಲ್ಲೂ ಇರುವುದಿಲ್ಲ. ಅದನ್ನು ರಾತ್ರಿ ಹೋಗಿಯೇ ನೋಡಬೇಕು.

ಎರಿಯೋ, ಮಸಾರಿಯೋ?

ನಮ್ಮ ಭಾಗದಲ್ಲಿ ಮಣ್ಣು ನೋಡದೆ ಜಾಗ ಗೊತ್ತು ಮಾಡಬೇಡಿ. ಅಣ್ಣಿಗೇರಿ, ನವಲಗುಂದ, ರೋಣದ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ದಿಗಂತ ನಾಲ್ಕೂ ಕಡೆ ಬಯಲು, ನೋಡಿದರೆ ಆಸೆ ಆಗುತ್ತದೆ. ಆದರೆ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಗೆಳೆಯರೊಬ್ಬರು ಅಂಥ ಹೊಲದಲ್ಲಿ ಮೂರು ಅಡಿ ತೋಡಿ ಕಂಬ ನಿಲ್ಲಿಸಿದರು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವುದರಲ್ಲಿ ಕಂಬ ವಾಲಿತ್ತು. ಕಣ್ಣಿಗೆ ಗೊತ್ತೇ ಆಗದಷ್ಟು, ಆದರೆ ಧ್ರುವದ ಹೊಂದಿಕೆ ಪೂರ್ತಿ ತಪ್ಪುವಷ್ಟು. ಇಂಥ ಮಣ್ಣಿಗೆ ಬುಡದಲ್ಲಿ ಅಗಲವಾಗುವ ಪೈಲನ್ನು ಸುಮಾರು ಮೂರೂವರೆ ಮೀಟರ್ ಆಳಕ್ಕೆ ಇಳಿಸುವುದು ರೂಢಿ. ಖರ್ಚು ಜಾಸ್ತಿ. ಅದೇ ಹೊಲದಲ್ಲಿ ಒಂದು ಮೂಲೆ ಮಸಾರಿ (ಕೆಂಪು ಮಣ್ಣು) ಅಥವಾ ಗಟ್ಟಿ ಮೊರಂ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ.

ಯಾವ ಮಣ್ಣೇ ಇರಲಿ, ಕಂಬ ಕೋಣೆಯ ನೆಲಕ್ಕೆ ತಾಗಬಾರದು. ಸುತ್ತ ಒಂದೆರಡು ಇಂಚು ಸಂದು ಬಿಡಿ. ನೀವು ಓಡಾಡಿದ ಅದುರು ಟೆಲಿಸ್ಕೋಪಿಗೆ ಹೋಗುವುದಿಲ್ಲ.

ಮಂಜು ಮತ್ತು ಧೂಳು

ಹಳ್ಳದ ದಂಡೆ, ಕೆರೆಯ ಪಕ್ಕ ಬೇಡ. ರಾತ್ರಿ ತಣ್ಣನೆ ಗಾಳಿ ತಗ್ಗಿಗೆ ಇಳಿದು ಮಂಜು ಅಲ್ಲೇ ಮೊದಲು ಕಟ್ಟುತ್ತದೆ, ಲೆನ್ಸ್ ಒದ್ದೆಯಾಗುತ್ತದೆ. ಸ್ವಲ್ಪ ಏರಿನ ಜಾಗ ಒಳ್ಳೆಯದು, ಗುಡ್ಡದ ನೆತ್ತಿ ಬೇಕಿಲ್ಲ, ಅಲ್ಲಿ ಗಾಳಿ ಜೋರು. ಒಕ್ಕಣೆ ಮಾಡುವ ಕಣ, ಇಟ್ಟಿಗೆ ಭಟ್ಟಿ, ಲಾರಿ ಓಡಾಡುವ ಮಣ್ಣಿನ ರಸ್ತೆ ಇವುಗಳಿಂದ ದೂರ ಇರಿ.

ಗೂಟ ಹೊಡೆದು ಕಾಯಿರಿ

ಎರಡು ಮೂರು ಜಾಗ ಆರಿಸಿ ಗೂಟ ಹೊಡೆಯಿರಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತೀರಲ್ಲ, ಅವತ್ತು ಬೇಗ ಮನೆಗೆ ಬರಬೇಡಿ. ಕತ್ತಲಾದ ಮೇಲೆ ಅರ್ಧ ಗಂಟೆ ಕಣ್ಣಿಗೆ ಯಾವ ಬೆಳಕೂ ಬೀಳದಂತೆ ಕೂತು ಕೃತ್ತಿಕೆಯಲ್ಲಿ ಎಷ್ಟು ನಕ್ಷತ್ರ ಕಾಣುತ್ತವೆ ಎಣಿಸಿ. ಪ್ರತಿ ಗೂಟದ ಹತ್ತಿರವೂ ಎಣಿಸಿ ಬರೆದಿಡಿ. ಫೆಬ್ರವರಿ, ಏಪ್ರಿಲ್ ಅಮಾವಾಸ್ಯೆಗೂ ಹೋಗಿ. ಜೂನ್ ಬಂದರೆ ಹೇಗೂ ಮೋಡ, ಆಗ ನೀರು ಎಲ್ಲಿ ನಿಲ್ಲುತ್ತದೆ ನೋಡಿಕೊಳ್ಳಿ.

ಇನ್ನು ಕೋಣೆಯ ಗುರುತು ಹಾಕಬಹುದು. ನಮ್ಮ ಮುಂಗಾರು ಪಶ್ಚಿಮ, ನೈಋತ್ಯದಿಂದ ಬಡಿಯುತ್ತದೆ, ಬಾಗಿಲು ಪೂರ್ವಕ್ಕಿಡಿ. ಛಾವಣಿ ಸರಿದು ನಿಲ್ಲುವುದು ಊರ ಬೆಳಕಿನ ಕಡೆಗಿರಲಿ, ಅದೇ ಆ ಬೆಳಕಿಗೆ ಮರೆಯಾಗುತ್ತದೆ. ಊರು ಉತ್ತರಕ್ಕಿದ್ದರೆ ಸರಿದ ಛಾವಣಿಯ ಮೇಲಿಂದ ಧ್ರುವ ಕಾಣುತ್ತದೆಯೇ ಎಂದು ಮೊದಲೇ ಹಗ್ಗ ಕಟ್ಟಿ ನೋಡಿ. ದಕ್ಷಿಣದ ಗೋಡೆಯ ಮೇಲರ್ಧವನ್ನು ಬಿಜಾಗರಿ ಹಾಕಿ ಹೊರಗೆ ಮಡಚುವಂತೆ ಮಾಡಿಸಿ. ಇಲ್ಲವಾದರೆ ಮೇ ತಿಂಗಳಲ್ಲಿ ತ್ರಿಶಂಕು ಆ ಗೋಡೆಯ ಹಿಂದೆಯೇ ಹುಟ್ಟಿ ಅಲ್ಲೇ ಮುಳುಗುತ್ತದೆ.