ಮನೋವೈದ್ಯಕೀಯ ನರ್ಸ್ ಪ್ರಾಕ್ಟಿಷನರ್ ಕೋರ್ಸಿಗೆ ನಾನು ಎರಡು ಸಲ ಅರ್ಜಿ ಹಾಕಿದೆ

ನಾನು ನರ್ಸ್ ಆಗಿ ಕೆಲಸ ಮಾಡುವುದು ಟೆಕ್ಸಾಸಿನ ಸಣ್ಣ ಊರೊಂದರ ಆಸ್ಪತ್ರೆಯಲ್ಲಿ. ಅಲ್ಲಿ ಮನೋವೈದ್ಯರಿಲ್ಲ. ಅಗತ್ಯ ಬಿದ್ದಾಗ ಗಾಲಿಯ ಮೇಲಿನ ಪರದೆಯೊಂದನ್ನು ರೋಗಿಯ ಹಾಸಿಗೆಯ ಬಳಿಗೆ ತಳ್ಳಿಕೊಂಡು ಹೋಗುತ್ತೇವೆ, ದೂರದ ಊರಿನಿಂದ ಯಾರೋ ಅದರಲ್ಲಿ ಬಂದು ಮಾತನಾಡುತ್ತಾರೆ. ಒಂದು ರಾತ್ರಿ ಕುಡಿತ ಬಿಟ್ಟು ಮೂರನೆಯ ದಿನದ ನಡುಕದಲ್ಲಿದ್ದ ರೋಗಿಯೊಬ್ಬ ನನ್ನ ಪಾಲಿಗೆ ಬಂದಿದ್ದ. ಗಂಟೆಗೊಮ್ಮೆ ಅವನ ಬೆವರು, ನಡುಕ, ಗಾಬರಿಗೆ ಅಂಕ ಹಾಕುತ್ತಿದ್ದೆ. ಪರದೆಯಲ್ಲಿ ಕಾಣಿಸಿಕೊಂಡ ನರ್ಸ್ ಪ್ರಾಕ್ಟಿಷನರ್ ಕುಡಿತದ ಮಾತನ್ನೇ ಎತ್ತದೆ, "ಕೊನೆಯ ಸಲ ಚೆನ್ನಾಗಿ ನಿದ್ದೆ ಬಂದದ್ದು ಯಾವಾಗ?" ಎಂದು ಕೇಳಿದರು. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೆಂಡತಿ ತೀರಿಕೊಂಡ ತಿಂಗಳಿನ ಹೆಸರು ಹೇಳಿದ. ಎರಡು ರಾತ್ರಿ ಅವನ ಆರೈಕೆ ಮಾಡಿದ್ದ ನನಗೆ ಅವನು ವಿಧುರನೆಂಬುದೇ ಗೊತ್ತಿರಲಿಲ್ಲ.

ಆ ವಾರವೇ ಕೋರ್ಸುಗಳನ್ನು ಹುಡುಕಲು ಕುಳಿತೆ. "ಹಾಗಾದರೆ ಡಾಕ್ಟರ್ ಆಗುತ್ತೀಯೇನು?" ಎಂದು ಧಾರವಾಡದಿಂದ ಅವ್ವ ಫೋನಿನಲ್ಲಿ ಕೇಳಿದಳು. ಡಾಕ್ಟರ್ ಅಲ್ಲ, ನರ್ಸಿಂಗ್‌ನಲ್ಲಿಯೇ ಸ್ನಾತಕೋತ್ತರ ಪದವಿ ಮುಗಿಸಿ, ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ, ಕಾಯಿಲೆ ಗುರುತಿಸಿ ಔಷಧ ಬರೆಯುವ ನರ್ಸ್ ಎಂದು ವಿವರಿಸಿದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಈ ಕೆಲಸವನ್ನು ಸ್ವತಂತ್ರವಾಗಿ ಮಾಡಬಹುದು. ಟೆಕ್ಸಾಸಿನಲ್ಲಿ ಔಷಧ ಬರೆಯಬೇಕಾದರೆ ವೈದ್ಯರೊಬ್ಬರೊಡನೆ ಲಿಖಿತ ಒಪ್ಪಂದ ಇರಲೇಬೇಕು.

ಮೊದಲ ವರ್ಷ ನಾನು ನೋಡಿದ್ದು ಶುಲ್ಕವನ್ನು ಮತ್ತು ಆನ್‌ಲೈನ್ ತರಗತಿಯ ಅನುಕೂಲವನ್ನು ಮಾತ್ರ. ಸೀಟು ಸಿಕ್ಕಿತು, ಮುಂಗಡ ಕಟ್ಟಿದೆ. ಆಮೇಲೆ ಬಂದ ಕೈಪಿಡಿಯಲ್ಲಿ ಒಂದು ಸಾಲು ಇತ್ತು: ಪ್ರಿಸೆಪ್ಟರನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು. ಪ್ರಿಸೆಪ್ಟರ್ ಎಂದರೆ ತನ್ನ ರೋಗಿಗಳ ಮುಂದೆ ನಮ್ಮನ್ನು ಕೂರಿಸಿಕೊಂಡು ಕಲಿಸಲು ಒಪ್ಪುವ ಹಿರಿಯ ಪ್ರಾಕ್ಟಿಷನರ್ ಅಥವಾ ವೈದ್ಯರು. ಅವರ ಮೇಲ್ವಿಚಾರಣೆಯಲ್ಲಿ ರೋಗಿಗಳ ಜೊತೆ ಕಳೆಯಬೇಕಾದ ಸಮಯ ಬಹುಕಾಲ ಕನಿಷ್ಠ 500 ಗಂಟೆ ಎಂದಿತ್ತು, 2022ರ ರಾಷ್ಟ್ರೀಯ ಮಾನದಂಡ ಅದನ್ನು 750ಕ್ಕೆ ಏರಿಸಿತು. ಮಕ್ಕಳು, ವಯಸ್ಕರು, ವೃದ್ಧರು ಎಲ್ಲರನ್ನೂ ನೋಡಿರಬೇಕು. ಮೂವತ್ತು ಕ್ಲಿನಿಕ್ಕುಗಳಿಗೆ ಪತ್ರ ಬರೆದೆ. ಇಬ್ಬರು ಉತ್ತರಿಸಿದರು, ಇಬ್ಬರೂ ಆಗುವುದಿಲ್ಲ ಎಂದರು. ಮುಂಗಡ ಬಿಟ್ಟುಕೊಟ್ಟು ಹಿಂದೆ ಸರಿದೆ. ಅದು ನನ್ನ ಎರಡು ತಿಂಗಳ ರಾತ್ರಿಪಾಳಿಯ ಉಳಿತಾಯ, ಅದರ ಸಂಕಟ ಈಗಲೂ ಹೋಗಿಲ್ಲ. ಅದಕ್ಕೇ ಹೇಳುತ್ತೇನೆ: ಅರ್ಜಿಶುಲ್ಕ ಕಟ್ಟುವ ಮೊದಲೇ ಪ್ರವೇಶ ಕಚೇರಿಗೆ ಫೋನ್ ಮಾಡಿ, ಪ್ರಿಸೆಪ್ಟರನ್ನು ಯಾರು ಒದಗಿಸುತ್ತಾರೆ, ನಾನಿರುವ ರಾಜ್ಯದ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಎಂದು ಕೇಳಿ. ಉತ್ತರವನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಕೋರ್ಸಿಗೆ ಮಾನ್ಯತೆ ಇಲ್ಲದಿದ್ದರೆ ಮುಂದೆ ಪರೀಕ್ಷೆಗೇ ಕೂರಿಸುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಭಾರತದಲ್ಲಿ ಓದಿದವರಿಗೆ ಇನ್ನೊಂದು ತೊಡಕಿದೆ. ನಮ್ಮ ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಸೇರಿ ಒಂದೇ ವಿಷಯ. ಇಲ್ಲಿನ ಅನೇಕ ಕೋರ್ಸುಗಳು ಸಂಖ್ಯಾಶಾಸ್ತ್ರವನ್ನು ಪ್ರತ್ಯೇಕವಾಗಿ ಓದಿರಬೇಕೆನ್ನುತ್ತವೆ. ನಾನು ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಸಂಜೆ ತರಗತಿಗೆ ಹೋಗಿ ಅದನ್ನು ಮುಗಿಸಿದೆ. ಊರಿನ ಅಂಕಪಟ್ಟಿ, ವಿದೇಶಿ ಪದವಿಯನ್ನು ಇಲ್ಲಿನ ಪದವಿಗೆ ಹೋಲಿಸಿ ವರದಿ ಕೊಡುವ ಮೌಲ್ಯಮಾಪನ ಸಂಸ್ಥೆಗೆ ನೇರವಾಗಿ, ಮೊಹರು ಹಾಕಿದ ಲಕೋಟೆಯಲ್ಲಿ ಹೋಗಬೇಕಿತ್ತು. ತಮ್ಮ ನಾಲ್ಕು ಸಲ ಕಚೇರಿಗೆ ಅಲೆದ, ಒಟ್ಟು ಐದು ತಿಂಗಳು ಹಿಡಿಯಿತು. ಬೇರೆ ಯಾವ ಕೆಲಸಕ್ಕೂ ಮುನ್ನ ಇದನ್ನು ಶುರುಮಾಡಿ. ಶೇಕಡಾ ಅರವತ್ತೈದು ಅಂಕ ಎಂದು ಅಳುಕಬೇಡಿ, ನಮ್ಮಲ್ಲಿ ಅದು ಪ್ರಥಮ ದರ್ಜೆ ಎಂಬುದು ಮೌಲ್ಯಮಾಪಕರಿಗೆ ಗೊತ್ತಿರುತ್ತದೆ. ನರ್ಸಿಂಗ್‌ಕ್ಯಾಸ್ ಎಂಬ ಆನ್‌ಲೈನ್ ಅರ್ಜಿ ವ್ಯವಸ್ಥೆಯ ಮೂಲಕ ಒಂದೇ ಅರ್ಜಿಯನ್ನು ಹಲವು ಕಡೆ ಕಳಿಸಬಹುದು, ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಅದರಲ್ಲಿಲ್ಲ.

ಹೆಚ್ಚು ದಿನ ತಿಂದದ್ದು ಉದ್ದೇಶ ಪತ್ರ. ಮೊದಲ ವರ್ಷದ ಪತ್ರದಲ್ಲಿ "ಬಾಲ್ಯದಿಂದಲೂ ಸೇವೆಯ ಹಂಬಲ" ಎಂದು ಬರೆದಿದ್ದೆ. ಅದನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಎರಡನೆಯ ಸಲ ಆ ರಾತ್ರಿಯನ್ನೇ ಬರೆದೆ. ರೋಗಿಯ ವಯಸ್ಸು, ಊರು, ತಿಂಗಳು ಎಲ್ಲವನ್ನೂ ಮರೆಮಾಡಿದೆ, ಇಲ್ಲಿಯೂ ಹಾಗೆಯೇ ಮಾಡಿದ್ದೇನೆ. ವಿದ್ಯಾರ್ಥಿನಿಯಾಗಿದ್ದಾಗ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ವಾರ್ಡಿನಲ್ಲಿ ಕಳೆದ ವಾರಗಳನ್ನೂ ಸೇರಿಸಿದೆ. ಅಲ್ಲಿ ರೋಗಿಗಳ ಪಕ್ಕದಲ್ಲಿ ಬುತ್ತಿ ಬಿಚ್ಚಿಕೊಂಡು ಮನೆಯವರು ಕೂತಿರುತ್ತಿದ್ದರು. ಟೆಕ್ಸಾಸಿನ ವಾರ್ಡಿನಲ್ಲಿ ಆ ಕುರ್ಚಿ ಬಹಳ ಸಲ ಖಾಲಿ ಇರುತ್ತದೆ. ಈ ಎರಡನ್ನೂ ಕಂಡವಳು ನಾನು ಎಂಬುದೇ ಪತ್ರದ ತಿರುಳಾಯಿತು.

ಶಿಫಾರಸು ಪತ್ರ ಕೊಟ್ಟವರು ಮೂವರು: ವಾರ್ಡಿನ ಮ್ಯಾನೇಜರ್, ಸಂಖ್ಯಾಶಾಸ್ತ್ರದ ಉಪನ್ಯಾಸಕಿ, ಮತ್ತು ಪರದೆಯಲ್ಲಿ ಬರುತ್ತಿದ್ದ ಆ ಪ್ರಾಕ್ಟಿಷನರ್. ಅವರ ಅನುಮತಿ ಪಡೆದು ಎರಡು ದಿನ ಅವರ ಪಕ್ಕದಲ್ಲಿ ಕುಳಿತು ಕೆಲಸ ನೋಡಿದ್ದೆ. ಸಂದರ್ಶನದಲ್ಲಿ, "ಗುಣವಾಗಿದ್ದೇನೆ ಎಂದು ರೋಗಿ ಮಾತ್ರೆ ನಿಲ್ಲಿಸಿದರೆ ಏನು ಮಾಡುತ್ತೀರಿ?" ಎಂದು ಕೇಳಿದರು. ಮಾತ್ರೆಯಿಂದ ಅವನಿಗೆ ಏನು ತೊಂದರೆಯಾಗುತ್ತಿತ್ತು ಎಂದು ಮೊದಲು ಕೇಳುತ್ತೇನೆ ಎಂದೆ. ಅದರ ಮೇಲೆಯೇ ಹತ್ತು ನಿಮಿಷ ಮಾತು ನಡೆಯಿತು.

ಮೂರು ವಾರಕ್ಕೆ ಪ್ರವೇಶ ಪತ್ರ ಬಂತು. ತರಬೇತಿಯ ಜಾಗ ಗೊತ್ತುಮಾಡುವ ವಿಭಾಗದವರು ಮೊನ್ನೆ ನನ್ನ ಮೊದಲ ಕ್ಲಿನಿಕ್ಕಿನ ವಿಳಾಸ ಕಳಿಸಿದ್ದಾರೆ. ಮನೆಯಿಂದ ನಲವತ್ತು ನಿಮಿಷದ ದಾರಿ.