ಕೈ ಕುಲುಕಿಸಿ ಕಳಿಸಿದ್ದು ನನ್ನ ತಪ್ಪು

ನಾನು ಏಳನೇ ತರಗತಿಗೆ ಕ್ಲಾಸ್ ಟೀಚರ್ ಆಗಿದ್ದ ವರ್ಷದ ಮಾತು. ಬಿಡುವಿನ ಬೆಲ್ ಹೊಡೆದರೂ ಒಬ್ಬ ಹುಡುಗ ಮಾತ್ರ ಹೊರಗೆ ಹೋಗುತ್ತಿರಲಿಲ್ಲ. 'ಬೋರ್ಡ್ ಒರೆಸಲಾ ಮಿಸ್?' ಎನ್ನುತ್ತಾ ನನ್ನ ಹಿಂದೆಮುಂದೆ ಸುಳಿಯುತ್ತಿದ್ದ. ಎಷ್ಟು ಒಳ್ಳೆಯ ಹುಡುಗ ಅಂದುಕೊಂಡಿದ್ದೆ. ಬಿಡುವಿನಲ್ಲಿ ಟಾಯ್ಲೆಟ್‌ಗೆ ಹೋಗದವನು ಪಾಠದ ನಡುವೆ ಎದ್ದು ಕೇಳುತ್ತಿದ್ದ. ಅವನ ಪೆನ್ನು, ಸ್ಕೇಲು ಆಗಾಗ 'ಕಳೆದು' ಹೋಗುತ್ತಿದ್ದವು. ಉತ್ತರ ಹೇಳಲು ಎದ್ದರೆ ಹಿಂದಿನ ಬೆಂಚಿನಿಂದ ಸಣ್ಣ ನಗು. ಎಲ್ಲ ಕಣ್ಣೆದುರೇ ಇತ್ತು, ನಾನು ಒಂದಕ್ಕೊಂದು ಜೋಡಿಸಿ ನೋಡಿರಲಿಲ್ಲ.

ಇನ್ನೊಬ್ಬ ಹುಡುಗ ಇವನನ್ನು ಕಾಡುತ್ತಿದ್ದ ವಿಷಯ ಹೊರಬಿದ್ದಾಗ ಇನ್ನೂ ದೊಡ್ಡ ತಪ್ಪು ಮಾಡಿದೆ. ಕಾಡುತ್ತಿದ್ದವನನ್ನೂ ಇವನನ್ನೂ ಎದುರುಬದುರು ನಿಲ್ಲಿಸಿ, 'ಸಾರಿ' ಹೇಳಿಸಿ, ಕೈ ಕುಲುಕಿಸಿದೆ. ಮಾರನೆಯ ದಿನದಿಂದ ಇವನಿಗೆ 'ಚಾಡಿಕೋರ' ಎಂಬ ಹೆಸರೂ ಅಂಟಿತು.

ಆಮೇಲಷ್ಟೇ ಓದಲು ಕೂತೆ. ಮಕ್ಕಳು ಮಕ್ಕಳನ್ನೇ ಕಾಡುವ ಈ 'ಬುಲ್ಲಿಯಿಂಗ್' ಅನ್ನು 1970ರ ದಶಕದಲ್ಲೇ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಕೊಟ್ಟ ಗುರುತು ಮೂರು: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ಇಬ್ಬರ ಬಲ ಸಮವಿಲ್ಲದಿರುವುದು. ಮೂರನೆಯದು ಚುಚ್ಚಿತು. ಸರೀಕರ ಜಗಳಕ್ಕೆ ರಾಜಿ ನಡೆಯುತ್ತದೆ. ಇಲ್ಲಿ ರಾಜಿ ಎಂದರೆ ಹೆದರಿದವನು ತಲೆಯಾಡಿಸುವುದು, ಅಷ್ಟೇ.

ಮಕ್ಕಳಿಗೆಲ್ಲ ಶಾಲೆಯ ನಕ್ಷೆ ಹಂಚಿ, ಹೆಸರು ಬರೆಯದೆ, ಭಯವಾಗುವ ಜಾಗಕ್ಕೆ ಚುಕ್ಕೆ ಇಡಲು ಹೇಳಿದೆ. ಚುಕ್ಕೆಗಳು ಕಿಕ್ಕಿರಿದದ್ದು ಮೆಟ್ಟಿಲ ತಿರುವಿನಲ್ಲಿ, ಟಾಯ್ಲೆಟ್ ಬಾಗಿಲಲ್ಲಿ. ನಾವೋ, ಅಷ್ಟೂ ಟೀಚರುಗಳು ಮೈದಾನದಲ್ಲಿ ನಿಂತು ಕಾವಲು ಕಾಯುತ್ತಿದ್ದೆವು! ಡ್ಯೂಟಿಯ ಜಾಗ ಬದಲಾಯಿತು.

ಕಾಡುವವನೊಂದಿಗೆ ಒಬ್ಬನೇ ಇದ್ದಾಗ ಮಾತಾಡಿದೆ. ಯಾರು ಹೇಳಿದರು ಎಂಬುದು ಬರದಂತೆ, ನಾನೇ ಕಂಡದ್ದನ್ನಷ್ಟೇ ಮುಂದಿಟ್ಟೆ. ವಾರ ಬಿಟ್ಟು ಮತ್ತೆ ಕರೆದೆ. ಆದರೆ ನಿಜವಾದ ಕೆಲಸ ಇದ್ದದ್ದು ನಗುವವರ ಹತ್ತಿರ. ಇಂಥ ಕಾಟ ತಡೆಯಲೆಂದೇ ಇರುವ ಫಿನ್ಲೆಂಡಿನ ಶಾಲೆಗಳ 'ಕೀವಾ' ಕಾರ್ಯಕ್ರಮ ಒತ್ತು ಕೊಡುವುದೂ ನೋಡುತ್ತ ನಿಲ್ಲುವವರಿಗೇ. ಒಬ್ಬೊಬ್ಬರನ್ನೇ ಕರೆದು, 'ನೀನು ಯಾರನ್ನೂ ಎದುರಿಸಬೇಕಿಲ್ಲ. ನಗಬೇಡ. ಆಮೇಲೆ ಹೋಗಿ ಅವನ ಪಕ್ಕ ಕೂತ್ಕೋ, ಸಾಕು' ಎಂದೆ. ಎಲ್ಲರೂ ಕೇಳಲಿಲ್ಲ. ಇಬ್ಬರು ಕೇಳಿದರು. ಪ್ರೇಕ್ಷಕರು ಕರಗಿದಂತೆ ಆಟವೂ ಸಪ್ಪೆಯಾಯಿತು.

ವರ್ಷದ ಕೊನೆಯ ಹೊತ್ತಿಗೆ ಬೋರ್ಡ್ ನಾನೇ ಒರೆಸಿಕೊಳ್ಳುತ್ತಿದ್ದೆ. ಸಂಜೆಯ ಮೇಲೆ ಮೊಬೈಲ್ ಗ್ರೂಪಿನಲ್ಲಿ ನಡೆಯುವುದು ಮಾತ್ರ ಈಗಲೂ ನನ್ನ ಕೈಗೆ ಪೂರ್ತಿ ಸಿಗುವುದಿಲ್ಲ. 'ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗೆದಿಟ್ಟು ತೋರಿಸು' ಎಂದು ಮಕ್ಕಳಿಗೆ ಹೇಳಿಟ್ಟಿದ್ದೇನೆ.